ಗಾಜಿನ ಎಚ್ಚಿಂಗ್ ಕೆಟ್ಟಾಗ ಏನು ಮಾಡಬೇಕು: ಮಕ್ಕಳ ಶಿಬಿರ ನಡೆಸುವವರಿಗೆ ದೋಷ ನಿವಾರಣೆ ಕೈಪಿಡಿ

ಬಾಗಲಕೋಟೆಯ ನವನಗರದಲ್ಲಿ ಪ್ರತಿ ಬೇಸಿಗೆಯ ರಜೆಯಲ್ಲಿ ಪ್ರೌಢಶಾಲೆಯ ಮತ್ತು ಪಿಯುಸಿಯ ಮಕ್ಕಳಿಗೆ ಗಾಜಿನ ಮೇಲೆ ಚಿತ್ರ ಮೂಡಿಸುವುದನ್ನು ಕಲಿಸುತ್ತೇನೆ. ಚಿತ್ರ ಕೊರೆದ ಸ್ಟಿಕ್ಕರನ್ನು ಗಾಜಿಗೆ ಅಂಟಿಸಿ, ತೆರೆದ ಜಾಗಕ್ಕೆ ಗಾಜನ್ನು ಕರಗಿಸುವ ಕ್ರೀಮ್ ಹಚ್ಚಿ ಬೆಳ್ಳಗೆ ಮಬ್ಬಾಗಿಸುವ ಈ ಕೆಲಸವೇ ಎಚ್ಚಿಂಗ್. ಕ್ರೀಮ್ ಹಚ್ಚಿ, ಕಾದು, ತೊಳೆದ ಮರುಗಳಿಗೆಯಲ್ಲಿ ಪ್ರತಿ ತಂಡದಲ್ಲೂ ಯಾರಾದರೊಬ್ಬರು ಅಳುಮೋರೆ ಮಾಡಿಕೊಂಡು ‘ಟೀಚರ್, ಏನೂ ಮೂಡೇ ಇಲ್ರಿ’ ಎಂದು ಗಾಜನ್ನು ತಂದು ತೋರಿಸುತ್ತಾರೆ. ಆಗ ಮತ್ತೊಮ್ಮೆ ಕ್ರೀಮ್ ಹಚ್ಚಲು ಹೋಗುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ನನ್ನ ಅನುಭವದಲ್ಲಿ ದೋಷ ಕ್ರೀಮಿನಲ್ಲಿರುವುದು ಅಪರೂಪ. ಅದು ಹೆಚ್ಚಾಗಿ ಗಾಜು ತೊಳೆದ ರೀತಿಯಲ್ಲಿ, ಸ್ಟಿಕ್ಕರ್ ಅಂಟಿಸಿದ ರೀತಿಯಲ್ಲಿ, ಇಲ್ಲವೇ ನಮ್ಮೂರ ನೀರಿನಲ್ಲಿ ಅಡಗಿರುತ್ತದೆ. ಆದ್ದರಿಂದ ಕ್ರೀಮನ್ನು ಅನುಮಾನಿಸುವ ಮೊದಲು ನೀರನ್ನು ಅನುಮಾನಿಸುವ ಕ್ರಮದಲ್ಲಿಯೇ ಈ ಬರಹವನ್ನು ಜೋಡಿಸಿದ್ದೇನೆ.

ಮೊದಲು ಒಣಗಿಸಿ, ಆಮೇಲೆ ನೋಡಿ

ಹಸಿ ಗಾಜಿನ ಮೇಲೆ ಚಿತ್ರ ಕಾಣದಿರುವುದು ದೋಷವೇ ಅಲ್ಲ. ಎಚ್ಚಿಂಗ್ ಆದ ಜಾಗದಲ್ಲಿ ಗಾಜಿನ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗುಂಡಿಗಳಿಂದ ತುಂಬಿರುತ್ತದೆ. ಬೆಳಕು ಆ ಗುಂಡಿಗಳಿಗೆ ಬಡಿದು ಚದುರುವುದರಿಂದಲೇ ಅದು ನಮಗೆ ಬೆಳ್ಳಗೆ ಕಾಣುತ್ತದೆ. ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.5, ಗಾಳಿಯದು 1, ನೀರಿನದು 1.33. ಗುಂಡಿಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡಾಗ ಈ ಅಂತರ ಕಡಿಮೆಯಾಗಿ, ಬೆಳಕು ಹೆಚ್ಚು ಚದುರದೆ ನೇರವಾಗಿ ಹಾದುಹೋಗುತ್ತದೆ, ಚಿತ್ರವೂ ಮಾಯವಾದಂತೆ ತೋರುತ್ತದೆ. ಹಾಗಾಗಿ ಸ್ಟಿಕ್ಕರನ್ನು ಕೀಳದೆ ಹಾಗೆಯೇ ಬಿಟ್ಟು, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಐದು ನಿಮಿಷ ಗಾಳಿಗಿಟ್ಟು, ಹಿಂಬದಿಗೆ ಕಪ್ಪು ಕಾಗದ ಹಿಡಿದು ನೋಡಬೇಕು. ಸ್ಟಿಕ್ಕರ್ ಇನ್ನೂ ಗಾಜಿನ ಮೇಲಿರುವಾಗ ಮಾತ್ರ ಎರಡನೆಯ ಸಲ ಕ್ರೀಮ್ ಹಚ್ಚುವ ಅವಕಾಶವಿರುತ್ತದೆ. ಒಮ್ಮೆ ಕಿತ್ತ ಮೇಲೆ ಅದೇ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಅದನ್ನು ಮತ್ತೆ ಕೂರಿಸಲು ಸಾಧ್ಯವಿಲ್ಲ.

ಕ್ರೀಮ್ ಯಾರ ಕೈಯಲ್ಲಿರಬೇಕು

ದೋಷಗಳ ಮಾತಿಗೆ ಮುಂಚೆ ಈ ಮಾತನ್ನು ಹೇಳಲೇಬೇಕು, ಏಕೆಂದರೆ ಚಿತ್ರ ಕೆಟ್ಟರೆ ಇನ್ನೊಂದು ಗಾಜು ಸಿಗುತ್ತದೆ, ಮಕ್ಕಳ ಬೆರಳು ಮತ್ತು ಕಣ್ಣು ಸಿಗುವುದಿಲ್ಲ. ಎಚ್ಚಿಂಗ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಬೈಫ್ಲೋರೈಡಿನಂತಹ ಫ್ಲೋರೈಡ್ ಲವಣ. ಅದು ಗಾಜಿನ ಮುಖ್ಯ ಅಂಶವಾದ ಸಿಲಿಕಾವನ್ನು ಕರಗಿಸುವುದು ಹೈಡ್ರೋಫ್ಲೋರಿಕ್ ಆಮ್ಲದ ಗುಣದಿಂದಲೇ; ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ 1771ರಲ್ಲಿ ಆ ಆಮ್ಲವನ್ನು ತಯಾರಿಸಿದಾಗ ಅದು ಅವನ ಗಾಜಿನ ಪಾತ್ರೆಯನ್ನೇ ತಿಂದಿತ್ತು. ಈ ಬಗೆಯ ಸುಡುಗಾಯದ ಅಪಾಯವೆಂದರೆ ಅದು ಕೂಡಲೇ ಉರಿಯದೆ ಇರಬಹುದು. ಫ್ಲೋರೈಡ್ ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತದೆ, ನೋವು ಕೆಲವು ಗಂಟೆಗಳ ನಂತರ ಆರಂಭವಾಗುವುದೂ ಉಂಟು.

ನನ್ನ ಶಿಬಿರದಲ್ಲಿ ಚಿತ್ರ ಬರೆಯುವುದು, ಕತ್ತರಿಸುವುದು, ಅಂಟಿಸುವುದು ಮತ್ತು ಕೊನೆಯಲ್ಲಿ ಸ್ಟಿಕ್ಕರ್ ಕೀಳುವುದು ಮಕ್ಕಳ ಕೆಲಸ. ಕ್ರೀಮ್ ಹಚ್ಚುವುದು ಮತ್ತು ಮೊದಲ ನೀರಿನಲ್ಲಿ ತೊಳೆಯುವುದು ನೈಟ್ರೈಲ್ ಕೈಗವಸು, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ ಮತ್ತು ತುಂಬುತೋಳಿನ ಅಂಗಿ ತೊಟ್ಟ ದೊಡ್ಡವರ ಕೆಲಸ. ಕ್ರೀಮ್ ಚರ್ಮಕ್ಕೆ ತಾಗಿದರೆ, ನೋವಿರಲಿ ಇಲ್ಲದಿರಲಿ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ಬಾಟಲಿಯನ್ನೇ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇದಕ್ಕೆ ಗೊತ್ತಾದ ಪ್ರಥಮ ಚಿಕಿತ್ಸೆಯಾದ್ದರಿಂದ ಶಿಬಿರ ಆರಂಭಿಸುವ ಮೊದಲೇ ಅದನ್ನು ಔಷಧದ ಅಂಗಡಿಯಿಂದ ತರಿಸಿಟ್ಟುಕೊಳ್ಳಬೇಕು. ಬಾಟಲಿಯ ಮೇಲೆ ಬರೆದಿರುವ ಸಮಯ ಮತ್ತು ಎಚ್ಚರಿಕೆಗಳು ನಾನು ಇಲ್ಲಿ ಬರೆಯುವುದಕ್ಕಿಂತ ಮೇಲಿನವು. ಕ್ರೀಮ್ ಸಿಗಲಿಲ್ಲವೆಂದು ಬಿಡಿ ಆಮ್ಲ ತಂದು ಮನೆಯಲ್ಲಿ ಬೆರೆಸುವ ಸಾಹಸವನ್ನು ಯಾರೂ ಮಾಡಬಾರದು.

ಹನ್ನೆರಡು ವರ್ಷದೊಳಗಿನ ಮಕ್ಕಳಿದ್ದರೆ ಕ್ರೀಮಿನ ಹತ್ತಿರವೇ ಹೋಗದೆ, ಮಬ್ಬುಗಾಜಿನಂತೆ ಕಾಣುವ ಫ್ರಾಸ್ಟೆಡ್ ಸ್ಟಿಕ್ಕರನ್ನು ಕತ್ತರಿಸಿ ಗಾಜಿಗೆ ಅಂಟಿಸುವಷ್ಟಕ್ಕೆ ಚಟುವಟಿಕೆಯನ್ನು ನಿಲ್ಲಿಸುತ್ತೇನೆ. ಅದು ಕಡಿಮೆ ದರ್ಜೆಯ ಕೆಲಸವೆಂದು ನಾನು ಎಂದೂ ಭಾವಿಸಿಲ್ಲ.

ಒಣಗಿದ ಮೇಲೂ ಏನೂ ಮೂಡಿಲ್ಲ

ಇಡೀ ಚಿತ್ರವೇ ಇಲ್ಲವೆಂದಾದರೆ ಮೊದಲು ಆ ವಸ್ತು ಗಾಜು ಹೌದೇ ಎಂದು ನೋಡಿ. ಜಾತ್ರೆಯಲ್ಲಿ ಮಾರುವ ಹೊಳೆಯುವ ಲೋಟಗಳಲ್ಲಿಯೂ ಫೋಟೋ ಫ್ರೇಮಿನ ಮುಂಭಾಗದಲ್ಲಿಯೂ ಈಗ ಅಕ್ರಿಲಿಕ್ ಬಹಳ ಬರುತ್ತಿದೆ. ಅದರಲ್ಲಿ ಸಿಲಿಕಾ ಇಲ್ಲದ ಕಾರಣ ಎಷ್ಟು ಹೊತ್ತು ಕ್ರೀಮ್ ಇಟ್ಟರೂ ಎಚ್ಚಿಂಗ್ ಮೂಡುವುದಿಲ್ಲ. ಉಗುರಿನಿಂದ ತಟ್ಟಿದಾಗ ಗಾಜು ಠಣ್ ಎನ್ನುತ್ತದೆ, ಅಕ್ರಿಲಿಕ್ ಮಂದವಾಗಿ ಸದ್ದು ಮಾಡುತ್ತದೆ. ಕೆನ್ನೆಗೆ ತಾಗಿಸಿದರೆ ಗಾಜು ಹೆಚ್ಚು ತಣ್ಣಗಿರುತ್ತದೆ. ವಸ್ತು ಗಾಜೇ ಆಗಿದ್ದು ಚಿತ್ರ ಬಹಳ ತೆಳುವಾಗಿ ಮೂಡಿದ್ದರೆ ಅದು ಒಲೆಯ ಶಾಖ ತಡೆಯುವ ಬೊರೊಸಿಲಿಕೇಟ್ ಪಾತ್ರೆಯಾಗಿರಬಹುದು. ಕಿಟಕಿಗೆ, ಬಾಟಲಿಗೆ, ಮಾಮೂಲಿ ಲೋಟಕ್ಕೆ ಬಳಸುವ ಸೋಡಾ ಸುಣ್ಣದ ಗಾಜಿನಷ್ಟು ಚೆನ್ನಾಗಿ ಅದು ಹಿಡಿಯುವುದಿಲ್ಲ. ಶಿಬಿರಕ್ಕೆ ಗಾಜಿನ ಅಂಗಡಿಯಿಂದ 4 ಮಿ.ಮೀ. ದಪ್ಪದ ಮಾಮೂಲಿ ಗಾಜನ್ನು ಅಂಚು ಉಜ್ಜಿಸಿ ತರುವುದು ಎಲ್ಲಕ್ಕಿಂತ ಒಳ್ಳೆಯದು.

ಅದಾದ ಮೇಲೆ ಕ್ರೀಮಿನ ಸರದಿ. ಬಹಳ ದಿನ ಇಟ್ಟ ಬಾಟಲಿಯಲ್ಲಿ ಗಟ್ಟಿ ಭಾಗ ತಳದಲ್ಲಿ ಕುಳಿತು ಮೇಲೆ ತಿಳಿನೀರು ನಿಂತಿರುತ್ತದೆ. ಆ ತಿಳಿಯನ್ನಷ್ಟೇ ಹಚ್ಚಿದರೆ ಚಿತ್ರ ಸರಿಯಾಗಿ ಬರುವುದಿಲ್ಲ. ಪ್ಲಾಸ್ಟಿಕ್ ಇಲ್ಲವೇ ಮರದ ಕಡ್ಡಿಯಿಂದ ತಳ ಮುಟ್ಟಿ ಕಲಕಬೇಕು. ಬೆಳಗಾವಿಯ ಕಡೆ ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಕ್ರೀಮಿನೊಳಗೆ ಸಕ್ಕರೆಯಂತಹ ಹರಳು ಕಟ್ಟುವುದುಂಟು, ತಣ್ಣನೆಯ ಗಾಜಿನ ಮೇಲೆ ಕ್ರಿಯೆಯೂ ನಿಧಾನವಾಗುತ್ತದೆ. ಮುಚ್ಚಳ ಬಿಗಿಯಾಗಿ ಮುಚ್ಚಿದ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿರುವ ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹರಳು ಕರಗುತ್ತದೆ. ಒಲೆಯ ಮೇಲೆ ಮಾತ್ರ ಇಡಬಾರದು. ಇದಕ್ಕೆ ವಿರುದ್ಧವಾಗಿ ವಿಜಯಪುರದ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಕ್ರೀಮ್ ಕೆಲಸ ಮುಗಿಸುವ ಮೊದಲೇ ಮೇಲೆ ಒಣಗುತ್ತದೆ, ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಗಾಜೇ ಸೀಳುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಹಚ್ಚುವ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ನೆರಳಿನಲ್ಲಿ ಮುಗಿಸಬೇಕು.

ಹೊಸ ಬಾಟಲಿ ತಂದಾಗಲೆಲ್ಲ ಒಂದು ತುಂಡು ಗಾಜಿನ ಮೇಲೆ ಟೇಪಿನಿಂದ ನಾಲ್ಕು ಮನೆ ಮಾಡಿ, ಬಾಟಲಿಯಲ್ಲಿ ಹೇಳಿದ ಸಮಯದ ಅರ್ಧ, ಪೂರ್ತಿ, ಒಂದೂವರೆ ಪಟ್ಟು ಮತ್ತು ಎರಡು ಪಟ್ಟು ಕಾದು ನೋಡುತ್ತೇನೆ. ಒಂದು ತಯಾರಿಕೆಗೆ ಒಂದು ನಿಮಿಷ ಸಾಕಾದರೆ ಇನ್ನೊಂದಕ್ಕೆ ಹದಿನೈದು ನಿಮಿಷ ಬೇಕಾಗಬಹುದು. ಒಂದು ಹಂತ ದಾಟಿದ ಮೇಲೆ ಹೆಚ್ಚು ಕಾಯುವುದರಿಂದ ಚಿತ್ರ ಹೆಚ್ಚು ಬಿಳಿಯಾಗುವುದಿಲ್ಲ, ಸ್ಟಿಕ್ಕರಿನ ಅಂಚಿನ ಕೆಳಗೆ ಕ್ರೀಮ್ ನುಸುಳುವ ಸಂಭವ ಮಾತ್ರ ಹೆಚ್ಚುತ್ತದೆ.

ಮೋಡ ಕಟ್ಟಿದಂತೆ ಅಲ್ಲಲ್ಲಿ ಮೂಡಿದೆ

ಒಂದು ಬೇಸಿಗೆಯಲ್ಲಿ ಬೆಳಗಿನ ತಂಡದ ಗಾಜುಗಳೆಲ್ಲ ಚೆನ್ನಾಗಿ ಬಂದು, ಮಧ್ಯಾಹ್ನದ ತಂಡದವು ಮಾತ್ರ ಮಚ್ಚೆ ಮಚ್ಚೆಯಾಗಿ ಬರುತ್ತಿದ್ದವು. ಕ್ರೀಮ್ ಅದೇ, ಗಾಜು ಅದೇ, ಸಮಯವೂ ಅದೇ ಆಗಿದ್ದರಿಂದ ಮೂರು ದಿನ ಕಾರಣ ತಿಳಿಯಲಿಲ್ಲ. ಕೊನೆಗೆ ಒಂದು ಮಚ್ಚೆಯಲ್ಲಿ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ ಕಂಡವು. ಮಕ್ಕಳು ರೊಟ್ಟಿ, ಶೇಂಗಾ ಚಟ್ನಿ ಉಂಡು, ಬರೀ ನೀರಿನಲ್ಲಿ ಕೈ ತೊಳೆದುಕೊಂಡು ಬಂದು ಸ್ಟಿಕ್ಕರ್ ಅಂಟಿಸುತ್ತಿದ್ದರು. ಅಂಟಿಸುವಾಗ ತೆರೆದ ಜಾಗಕ್ಕೆ ತಾಗಿದ ಎಣ್ಣೆಯ ಬೆರಳೇ ಕ್ರೀಮನ್ನು ಗಾಜಿನಿಂದ ದೂರ ಇಟ್ಟಿತ್ತು.

ಈ ದೋಷವನ್ನು ಹಚ್ಚುವ ಮೊದಲೇ ಹಿಡಿಯಬಹುದು. ಪಾತ್ರೆ ತೊಳೆಯುವ ಸೋಪಿನಿಂದ ತೊಳೆದ ಗಾಜನ್ನು ಓರೆಯಾಗಿ ಹಿಡಿದು ಮೇಲಿನಿಂದ ನೀರು ಬಿಡಿ: ನೀರು ಒಂದೇ ಪದರವಾಗಿ ಇಳಿದರೆ ಗಾಜು ಶುದ್ಧವಾಗಿದೆ, ಹನಿ ಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ. ಹೀಗೆ ಪರೀಕ್ಷಿಸಿದ ಗಾಜನ್ನು ಅಂಚಿನಲ್ಲಷ್ಟೇ ಹಿಡಿಯಬೇಕು; ಸ್ಟಿಕ್ಕರ್ ಅಂಟಿಸಿದ ಮೇಲೆ ತೆರೆದ ಭಾಗವನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಇನ್ನೊಮ್ಮೆ ಒರೆಸಬೇಕು.

ಬೆರಳಿನ ಗುರುತಿಲ್ಲದೆ ಸಣ್ಣ ದುಂಡನೆಯ ಬರಿಗಾಜಿನ ಚುಕ್ಕೆಗಳು ಉಳಿದಿದ್ದರೆ ಅವು ಕ್ರೀಮಿನೊಳಗಿನ ಗಾಳಿಗುಳ್ಳೆಗಳ ಗುರುತು. ಬ್ರಶ್ಶಿನ ಎಳೆಗಳಂತೆ ಪಟ್ಟೆ ಪಟ್ಟೆಯಾಗಿದ್ದರೆ ಪದರ ತೆಳುವಾಗಿದೆಯೆಂದು ಅರ್ಥ. ಸಾಮಾನ್ಯ ಎಚ್ಚಿಂಗ್ ಕ್ರೀಮ್ ಬಣ್ಣವಲ್ಲ, ಅದನ್ನು ಬಣ್ಣದಂತೆ ಸವರಬಾರದು; ಗಾಜು ಕಾಣದಷ್ಟು, ಎರಡು ಮೂರು ಮಿ.ಮೀ. ದಪ್ಪಕ್ಕೆ ಕುಕ್ಕಿ ಕುಕ್ಕಿ ಕೂರಿಸಿ, ಗುಳ್ಳೆ ಒಡೆದ ಮೇಲೆ ಅಲುಗಿಸದೆ ಬಿಡಬೇಕು. ಕ್ರಿಯೆ ನಡೆಯುವಾಗ ಗಾಜಿನ ಮೇಲೆ ಫ್ಲೋರೋಸಿಲಿಕೇಟ್ ಹರಳುಗಳು ಕಟ್ಟಿ ಅವುಗಳ ನಡುವಿನ ಜಾಗ ಹೆಚ್ಚು ಕರಗುತ್ತದೆ, ಆ ಏರುಪೇರಿನಿಂದಲೇ ಬಿಳಿ ಬಣ್ಣ ಬರುತ್ತದೆ. ನಡುವೆ ಸವರಿದರೆ ಆ ಹರಳುಗಳೇ ಕದಡಿ ಗೆರೆ ಬೀಳುತ್ತದೆ.

ಸ್ಟಿಕ್ಕರ್ ಇನ್ನೂ ಇದ್ದರೆ ತೊಳೆದು, ಪೂರ್ತಿ ಒಣಗಿಸಿ, ಸ್ಪಿರಿಟಿನಿಂದ ಒರೆಸಿ, ಎರಡನೆಯ ಸಲ ದಪ್ಪವಾಗಿ ಹಚ್ಚಿದರೆ ಬಹುಪಾಲು ಮಚ್ಚೆಗಳು ಮುಚ್ಚುತ್ತವೆ.

ಅಂಚು ಕಲಸಿದೆ, ಅಕ್ಷರ ಬದಲಾಗಿದೆ, ಚಿತ್ರ ತಿರುವುಮುರುವಾಗಿದೆ

ಅತಿ ಹೆಚ್ಚು ಗಾಜು ಹಾಳಾಗುವುದು ಈ ಹಂತದಲ್ಲಿ. ಗೆರೆಯ ಅಂಚು ಹಲ್ಲು ಹಲ್ಲಾಗಿ ಮೂಡಿದ್ದರೆ ಸ್ಟಿಕ್ಕರ್ ಅಲ್ಲಿ ಪೂರ್ತಿ ಕೂತಿರಲಿಲ್ಲ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಹೋಗಬೇಕು. ಕ್ರೀಮ್ ಹಚ್ಚುವ ಐದು ನಿಮಿಷ ಮೊದಲು ಪ್ರತಿ ಕೊರೆದ ಅಂಚನ್ನೂ ಉಗುರಿನಿಂದ ಮತ್ತೊಮ್ಮೆ ಒತ್ತಬೇಕು. ಲೋಟದಂತಹ ದುಂಡು ವಸ್ತುವಿನ ಮೇಲೆ ದೊಡ್ಡ ಸ್ಟಿಕ್ಕರ್ ಸುಕ್ಕುಗಟ್ಟುವುದು ಖಚಿತ, ಆದ್ದರಿಂದ ಅದನ್ನು ಎರಡು ಮೂರು ತುಂಡಾಗಿ ಅಂಟಿಸಬೇಕು. ಗಾಜಿನ ಮೇಲೆ ಒಂದು ಹನಿ ತೇವ ಉಳಿದಿದ್ದರೂ ಅಂಟು ಹಿಡಿಯುವುದಿಲ್ಲ.

ನಮ್ಮ ಊರುಗಳಲ್ಲಿ ಬೈಕಿನ ನಂಬರ್ ಪ್ಲೇಟಿಗೆ ಅಕ್ಷರ ಕತ್ತರಿಸಿಕೊಡುವ ರೇಡಿಯಂ ಅಂಗಡಿಯವರೇ ಈ ಕೆಲಸಕ್ಕೂ ಆಧಾರ. ಆದರೆ ಅವರು ದಿನವೂ ಮಾಡುವುದು ಸುತ್ತಲಿನ ಹಾಳೆ ಕಿತ್ತು ಅಕ್ಷರ ಉಳಿಸುವ ಕೆಲಸ, ನಮಗೆ ಬೇಕಾದುದು ಅಕ್ಷರ ಕಿತ್ತು ಸುತ್ತಲಿನ ಹಾಳೆ ಉಳಿಸುವುದು. ಇದನ್ನು ಬಿಡಿಸಿ ಹೇಳದೆ ಫೈಲ್ ಕೊಟ್ಟು ಬಂದಿದ್ದ ಒಂದು ವರ್ಷ ನನಗೆ ಇಪ್ಪತ್ತು ಹೆಸರುಗಳೂ ತಿರುವುಮುರುವಾಗಿ ಬಂದವು. ತಪ್ಪು ಅಂಗಡಿಯವರದಲ್ಲ, ಹೇಳದ ನನ್ನದು. ಹಾಗೆ ಬಂದರೂ ಕೆಲಸ ಕೆಡುವುದಿಲ್ಲ: ಅಕ್ಷರ ತಿಳಿಯಾಗಿ ಉಳಿದು ಹಿನ್ನೆಲೆ ಬೆಳ್ಳಗಾಗುತ್ತದೆ, ಕ್ರೀಮ್ ಮಾತ್ರ ಹಲವು ಪಟ್ಟು ಬೇಕಾಗುತ್ತದೆ.

ಕನ್ನಡ ಅಕ್ಷರಗಳಿಗೆ ಇನ್ನೊಂದು ಎಚ್ಚರ ಬೇಕು. ರ, ಠ, ಥ, ಧ ಮುಂತಾದವುಗಳ ಹೊಟ್ಟೆಯೊಳಗಿನ ತುಂಡು ಸುತ್ತಲಿನ ಹಾಳೆಗೆ ಸೇರಿಕೊಂಡಿರುವುದಿಲ್ಲ. ಅಕ್ಷರ ಕೀಳುವಾಗ ಅದೂ ಎದ್ದು ಬಂದರೆ ಅಕ್ಷರದ ಜಾಗದಲ್ಲಿ ಒಂದು ಬಿಳಿ ಉಂಡೆ ಮೂಡುತ್ತದೆ. ಠ ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆಯನ್ನು ಕೀಳಲು ಮರೆತರೆ ‘ಪಾಠ’ ಎಂಬುದು ‘ಪಾರ’ ಎಂದು ಓದಿಸಿಕೊಳ್ಳುತ್ತದೆ. ಕಿತ್ತ ಮೇಲೆ ಇಡೀ ಹಾಳೆಯ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ, ಹಿಂದಿನ ಕಾಗದ ಬಿಡಿಸಿ, ಒಟ್ಟಾಗಿ ಎತ್ತಿ ಗಾಜಿಗೆ ಕೂರಿಸಿದರೆ ಈ ಸಣ್ಣ ತುಂಡುಗಳು ತಮ್ಮ ಜಾಗದಲ್ಲಿಯೇ ಉಳಿಯುತ್ತವೆ. ಕೈಯಿಂದ ಕೊರೆಯುವ ಮಕ್ಕಳಿಗೆ ಹೊಟ್ಟೆಯ ತುಂಡನ್ನು ಹಾಳೆಗೆ ಜೋಡಿಸುವ ಒಂದು ಸಣ್ಣ ಸೇತುವೆ ಬಿಡಲು ಕಲಿಸಬೇಕು. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಲ್ಲಿನ ಕಿಟಕಿಗಳಿವೆ. ಕೊರೆದ ಜಾಗದ ನಡುವೆ ಪ್ರತಿ ತುಂಡೂ ಪಕ್ಕದ ತುಂಡನ್ನು ಹಿಡಿದು ನಿಂತಿರುವುದನ್ನು ಮಕ್ಕಳಿಗೆ ತೋರಿಸಿದ ಮೇಲೆ ಸೇತುವೆಯ ಪಾಠವನ್ನು ಮತ್ತೆ ಹೇಳಬೇಕಾಗಲಿಲ್ಲ.

ಕಸೂತಿಯ ಗೋಪುರ, ತೇರು, ಆನೆಗಳನ್ನು ಗಾಜಿಗೆ ಇಳಿಸುವ ಆಸೆ ನಮ್ಮ ಭಾಗದ ಮಕ್ಕಳಿಗೆ ಸಹಜವಾಗಿಯೇ ಬರುತ್ತದೆ, ಅದನ್ನು ನಾನು ತಡೆಯುವುದಿಲ್ಲ. ಆದರೆ ಗವಂತಿ ಹೊಲಿಗೆಯ ದಾರದಷ್ಟು ಸಣ್ಣ ಗೆರೆಯನ್ನು ಹಾಗೆಯೇ ಕೊರೆದರೆ ಕ್ರೀಮ್ ಆ ಸಂದಿಗೆ ಇಳಿಯದೆ ಮೇಲೆಯೇ ಗುಳ್ಳೆ ಹಿಡಿದು ನಿಲ್ಲುತ್ತದೆ, ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಗೆರೆಯನ್ನು 2 ಮಿ.ಮೀ. ಅಗಲಕ್ಕೆ ಹಿಗ್ಗಿಸಬೇಕು. ಮೆಂತಿ ಹೊಲಿಗೆಯ ಅಡ್ಡಗೆರೆಗಳನ್ನು ಸಣ್ಣ ಚೌಕಗಳಾಗಿ ಬದಲಿಸಿಕೊಂಡರೆ ಚೌಕುಳಿ ಕಾಗದದ ಮೇಲೆ ಲೆಕ್ಕ ಹಾಕಿ ಬರೆಯುವ ಕಸೂತಿಯ ಶಿಸ್ತೂ ಉಳಿಯುತ್ತದೆ, ಕೊರೆಯುವುದೂ ಸುಲಭವಾಗುತ್ತದೆ.

ಗಾಜಿನ ಒಳಬದಿಗೆ ಎಚ್ಚಿಂಗ್ ಮಾಡಿ ಹೊರಗಿನಿಂದ ನೋಡುವುದಾದರೆ ಬರಹವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕತ್ತರಿಸಬೇಕು. ಕನ್ನಡಿಯ ಮುಂಬದಿಗೆ ಮಾಡಿದ ಚಿತ್ರ ಎರಡೆರಡಾಗಿ ಕಂಡರೆ ಅದು ದೋಷವಲ್ಲ, ಹಿಂದಿನ ಬೆಳ್ಳಿ ಲೇಪದಲ್ಲಿ ಬಿದ್ದ ಅದರದೇ ಪ್ರತಿಬಿಂಬ.

ಗಾಜಿನ ತುಂಬ ಬಿಳಿ ಮಬ್ಬು

ಕ್ರೀಮ್ ತಾಗದ ಜಾಗವೂ ಒಣಗಿದ ಮೇಲೆ ಬೆಳ್ಳಗಾಗಿದೆಯೆಂದರೆ ಎಲ್ಲರೂ ಕ್ರೀಮ್ ಹರಿದುಹೋಯಿತೆಂದು ಹೆದರುತ್ತಾರೆ. ನಮ್ಮ ಕೊಳವೆಬಾವಿಯ ನೀರು ಗಡುಸು. ಅದು ಆರಿದಾಗ ಉಳಿಯುವ ಸುಣ್ಣದ ಅಂಶವೇ ಬಕೆಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ, ಗಾಜಿನ ಮೇಲೆಯೂ ಬಿಳಿ ಕಲೆಯಾಗಿ ಕೂರುತ್ತದೆ. ಕ್ರೀಮನ್ನೆಲ್ಲ ತೊಳೆದು ಮುಗಿಸಿದ ಗಾಜಿನ ಮೇಲೆ ನಿಂಬೆಹಣ್ಣಿನ ಹೋಳು ಉಜ್ಜಿ ಎರಡು ನಿಮಿಷ ಬಿಟ್ಟು ತೊಳೆದಾಗ ಮಬ್ಬು ಹೋದರೆ ಅದು ನೀರಿನ ಕಲೆ, ಹೋಗದಿದ್ದರೆ ನಿಜವಾದ ಎಚ್ಚಿಂಗ್. ಕೊನೆಯ ತೊಳೆತವನ್ನು ಕುಡಿಯಲು ತರುವ ಶುದ್ಧೀಕರಿಸಿದ ನೀರಿನಲ್ಲಿ ಮಾಡಿ ಒರೆಸಿಬಿಟ್ಟರೆ ಈ ತೊಂದರೆ ಬರುವುದಿಲ್ಲ.

ನಿಜವಾಗಿಯೂ ಕ್ರೀಮ್ ಹರಿದ ಗುರುತಾಗಿದ್ದರೆ ಅದು ಸಾಮಾನ್ಯವಾಗಿ ಕೆಳಮುಖವಾಗಿ ಇಳಿದ ಪಟ್ಟೆಯಂತಿರುತ್ತದೆ. ಸಿರಿಯಂ ಆಕ್ಸೈಡ್ ಪುಡಿಯಿಂದ ತಾಸುಗಟ್ಟಲೆ ಉಜ್ಜಿ ತೆಳುವಾದ ಗುರುತನ್ನು ಹೋಗಲಾಡಿಸಬಹುದಾದರೂ ಶಿಬಿರದಲ್ಲಿ ಅದು ಆಗುವ ಮಾತಲ್ಲ; ಆ ಪಟ್ಟೆಯನ್ನು ಒಳಗೊಳ್ಳುವಂತೆ ಬಳ್ಳಿಯನ್ನೋ ಅಂಚನ್ನೋ ಸೇರಿಸುವುದು ಮೇಲು. ಇನ್ನು ಬಿಳಿ ಚಿತ್ರದ ಮೇಲೆ ಕಪ್ಪು ಕಲೆ ಕಂಡರೆ ಅದು ಕೈಯ ಜಿಡ್ಡು, ಸೋಪಿನಿಂದ ಹೋಗುತ್ತದೆ. ಸ್ಟಿಕ್ಕರಿನ ಅಂಟು ಉಳಿದಿದ್ದರೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಸೋಪಿನಿಂದ ತೊಳೆಯಬೇಕು.

ತೊಳೆದ ನೀರು ಎಲ್ಲಿಗೆ ಹೋಗಬೇಕು

ಅಡುಗೆಮನೆಯ ಕಟ್ಟೆಯ ಮೇಲೆ ಈ ಕೆಲಸ ಮಾಡಿ, ಹೊಳಪು ಹೋದ ಮಚ್ಚೆ ಬಿದ್ದಿದೆಯೆಂದು ಕೇಳಿದವರಿದ್ದಾರೆ. ಇಳಕಲ್ಲಿನ ಕೆಂಪು ಗ್ರಾನೈಟ್ ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿರುವುದೂ ಸಿಲಿಕಾವೇ. ಪಿಂಗಾಣಿಯ ಸಿಂಕಿಗೂ ನೆಲದ ಟೈಲಿಗೂ ಇದೇ ಗತಿ, ಆ ಮಚ್ಚೆಗೆ ಮನೆಯಲ್ಲಿ ಮಾಡಬಹುದಾದ ಪರಿಹಾರವಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಪ್ಲಾಸ್ಟಿಕ್ ಬಕೆಟಿನಲ್ಲಿಯೇ ತೊಳೆಯಬೇಕು.

ಮೊದಲು ಗಾಜಿನ ಮೇಲಿನ ಕ್ರೀಮನ್ನು ಪ್ಲಾಸ್ಟಿಕ್ ಹಲಗೆಯಿಂದ ಬಳಿದು ಬಾಟಲಿಗೆ ಹಿಂದಿರುಗಿಸಿ. ಬಾಟಲಿಯ ಸೂಚನೆ ಒಪ್ಪುವುದಾದರೆ ಅದನ್ನು ಮತ್ತೆ ಬಳಸಬಹುದು. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಅಂತರ್ಜಲದ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಈಗಾಗಲೇ ದಾಟಿದೆ, ಮಕ್ಕಳ ಹಲ್ಲಿನ ಕಂದು ಕಲೆಗಳಲ್ಲಿ ಅದನ್ನು ನಾವು ಕಾಣುತ್ತೇವೆ. ಅಂಥ ನೆಲಕ್ಕೆ ನಮ್ಮ ಕೈಯಾರೆ ಇನ್ನಷ್ಟು ಸುರಿಯುವುದು ನನಗೆ ಸಹಿಸಲಾಗದ ಮಾತು. ಆದ್ದರಿಂದ ಮೊದಲ ತೊಳೆತದ ನೀರನ್ನು ಬಕೆಟಿನಲ್ಲಿ ಸಂಗ್ರಹಿಸಿ, ಕಲಸಿದ ಅರಳಿದ ಸುಣ್ಣದ ತಿಳಿಹಾಲನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿದರೆ ಫ್ಲೋರೈಡ್ ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ, ನೀರಿನಲ್ಲಿ ಅತ್ಯಲ್ಪವಾಗಿ ಮಾತ್ರ ಕರಗುವ ಕ್ಯಾಲ್ಸಿಯಂ ಫ್ಲೋರೈಡಾಗಿ ತಳಕ್ಕೆ ಕೂರುತ್ತದೆ. ಬೆರೆಸುವಾಗ ಅಮೋನಿಯಾದ ಗಾಢ ವಾಸನೆ ಏಳುವುದರಿಂದ ಇದನ್ನು ಬಯಲಿನಲ್ಲಿ, ಮಕ್ಕಳನ್ನು ದೂರ ಕಳುಹಿಸಿ, ಗವಸು ಮತ್ತು ಕನ್ನಡಕ ತೆಗೆಯದೆ ದೊಡ್ಡವರೇ ಮಾಡಬೇಕು. ರಾತ್ರಿಯೆಲ್ಲ ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಹೆಚ್ಚು ನೀರಿನೊಡನೆ ಮೋರಿಗೆ ಬಿಟ್ಟು, ತಳದ ಕೆಸರನ್ನು ಒಣಗಿಸಿ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಮನೆಯ ಅಪಾಯಕಾರಿ ಕಸವನ್ನು ಬೇರೆಯಾಗಿ ತೆಗೆದುಕೊಳ್ಳುವ ಗಾಡಿಯವರಿಗೆ ಒಳಗೆ ಏನಿದೆಯೆಂದು ತಿಳಿಸಿಯೇ ಕೊಡಬೇಕು.